ಮ್ಯಾಚಿಂಗ್ ಸೆಂಟರಿನಲ್ಲಿ ಕಳೆದ ಸೀರೆ

೨೦೦೭ನೆಯ ಇಸವಿ. ಆಗ ನನಗೆ ಮೂವತ್ತನಾಲ್ಕು ವರ್ಷ. ಸಿಂಧನೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿ ಎಂಟು ವರ್ಷಗಳಾಗಿದ್ದವು. ಯಾವ ಸಂಗತಿಯನ್ನು ಹೇಳುವುದಕ್ಕೂ ಮೊದಲು ಕಾಲವನ್ನೂ ವಯಸ್ಸನ್ನೂ ಸ್ಪಷ್ಟಪಡಿಸಿಕೊಳ್ಳುವುದು ನನ್ನ ಅಭ್ಯಾಸ. ಈ ಪ್ರಸಂಗದಲ್ಲಿ ಅದು ಅಗತ್ಯವೂ ಹೌದು. ಏಕೆಂದರೆ ಇದರ ಆರಂಭಕ್ಕೂ ಮುಕ್ತಾಯಕ್ಕೂ ನಡುವೆ ಹದಿನೈದು ವರ್ಷಗಳು ಸರಿದುಹೋದವು, ಮತ್ತು ಸರಿದುಹೋದ ಆ ವರ್ಷಗಳೇ ಇಲ್ಲಿಯ ಮುಖ್ಯ ಸಂಗತಿ.

ಇದೆಲ್ಲವನ್ನೂ ಮತ್ತೆ ನೆನಪಿಗೆ ತಂದದ್ದು ಒಂದು ವಾಸನೆ. ಹೋದ ವಾರ ಮಸ್ಕಿಯ ನಮ್ಮ ಮನೆಯ ಹಿತ್ತಲಿನಲ್ಲಿ ನನ್ನ ಹೆಂಡತಿ ಸೀರೆಯ ಅಂಚಿಗೆ ಹಚ್ಚಬೇಕಾದ ಹೊಸ ಫಾಲ್ ಬಟ್ಟೆಯನ್ನು ಬಕೀಟಿನಲ್ಲಿ ನೆನೆಯಿಟ್ಟಿದ್ದಳು. ಮೊದಲೇ ನೆನೆಸಿ ಒಣಗಿಸದಿದ್ದರೆ ಫಾಲ್ ಆಮೇಲೆ ಕುಗ್ಗಿ ಸೀರೆಯನ್ನು ಎಳೆಯುತ್ತದೆ. ಬಟ್ಟೆಯೊಳಗಿನ ಗಂಜಿ ನೀರಿಗೆ ಬಿಟ್ಟುಕೊಳ್ಳುವಾಗ ಒಂದು ಮಂಕು ವಾಸನೆ ಏಳುತ್ತದೆ. ತಂಗಳನ್ನದ ನೀರಿನಂಥದು, ಆದರೆ ಅಷ್ಟು ಹುಳಿಯಲ್ಲ. ಬಕೀಟಿನ ಪಕ್ಕದಲ್ಲಿ ಹಾದುಹೋಗುತ್ತಿದ್ದವನು ಅಲ್ಲಿಯೇ ನಿಂತುಬಿಟ್ಟೆ...

ಸಿಂಧನೂರಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಅಡ್ಡರಸ್ತೆಯೊಂದರಲ್ಲಿ, ಆ ವಾಸನೆಯ ಅಂಗಡಿಯೊಂದಿತ್ತು. ಅಗಲ ಎಂಟು ಅಡಿ ಇದ್ದೀತು. ಗೋಡೆಯುದ್ದಕ್ಕೂ ಕುಪ್ಪಸದ ಬಟ್ಟೆಗಳನ್ನು ಬಣ್ಣಬಣ್ಣವಾಗಿ ಪೇರಿಸಿಟ್ಟಿರುತ್ತಿದ್ದರು. ಹಸಿರೆಂದು ನಾವು ಒಂದೇ ಮಾತಿನಲ್ಲಿ ಮುಗಿಸುವ ಬಣ್ಣ ಅಲ್ಲಿ ಒಂದು ಕಪಾಟನ್ನೇ ತುಂಬಿತ್ತು. ಇಂಥ ಅಂಗಡಿಗೆ ನಮ್ಮ ಕಡೆ ಮ್ಯಾಚಿಂಗ್ ಸೆಂಟರ್ ಎನ್ನುತ್ತಾರೆ. ಸೀರೆಗೆ ಒಪ್ಪುವ ಕುಪ್ಪಸದ ಬಟ್ಟೆ, ದಾರ, ಗುಂಡಿ, ಫಾಲ್ ಎಲ್ಲ ಅಲ್ಲಿ ಸಿಗುತ್ತಿದ್ದವು. ಅಂಗಡಿಯನ್ನು ನಡೆಸುತ್ತಿದ್ದವರನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ಇಟ್ಟುಕೊಂಡು, ಒಬ್ಬರೇ ಕೂತು ಫಾಲ್ ಹೊಲಿಯುತ್ತಿದ್ದರು.

ದಾರದ ಉಂಡೆಗಳ ಕೆಳಗಿನ ಹಲಗೆಯ ಮೇಲೆ ಕಂದು ಕಾಗದದ ರಟ್ಟು ಹಾಕಿದ ಪತ್ತೇದಾರಿ ಕಾದಂಬರಿಗಳಿದ್ದವು. ಬೆನ್ನು ಬಿಚ್ಚಿದ ಪುಸ್ತಕಗಳನ್ನು ಅಕ್ಕ ಫಾಲ್ ಹೊಲಿಯುವ ದಾರದಿಂದಲೇ ಹೊಲಿದಿದ್ದರು. ಸೀರೆ ಕೊಟ್ಟು ಹೋಗುವ ಹೆಂಗಸರಿಗೆ, “ಸೀರಿ ಆಗೂತನಕ ಇದನ್ನ ಓದ್ರಿ” ಎಂದು ಒಂದೊಂದನ್ನು ಕೈಗಿಡುತ್ತಿದ್ದರು. ಹೆಂಡತಿಯ ಸೀರೆಯನ್ನು ತರಲು ಹೋಗಿದ್ದ ನಾನು ಮೊದಲ ಸಲ ಆ ಹಲಗೆಯನ್ನು ಕಂಡಾಗ, ಅಧ್ಯಾಪಕನಿಗೆ ಸಹಜವಾದ ಗತ್ತಿನಲ್ಲಿ ಕೇಳಿದೆ: “ಇವನ್ನೆಲ್ಲ ನೀವು ಓದುವುದುಂಟೇ?”

“ಉಂಟ್ರೀ ಸರ. ಓದೂದೂ ಉಂಟು, ಉಣ್ಣೂದೂ ಉಂಟು.” ಅಕ್ಕ ಸೂಜಿಯಿಂದ ಕಣ್ಣೆತ್ತದೆ ಹೇಳಿದರು. “ನೀವು ಮಸ್ಕಿಯವರಂತ, ಹೌದಿಲ್ರಿ? ಮತ್ತ ರೇಡಿಯೋದಾಗ ಕುಂತು ಮಾತಾಡಿದಂಗ ಮಾತಾಡ್ತೀರಲ್ಲ!”

ಎದುರಿನ ಹೊಲಿಗೆ ಅಂಗಡಿಯಲ್ಲಿದ್ದ ಟೇಲರ್ ಚಾಚಾ ಜೋರಾಗಿ ನಕ್ಕರು. ಆ ದಿನ ನಾನು ಒಂದು ಪುಸ್ತಕವನ್ನು ಸೀರೆಯ ಮಡಿಕೆಯೊಳಗೆ ಮರೆಮಾಡಿಕೊಂಡು ಮನೆಗೆ ಒಯ್ದೆ. ಕನ್ನಡ ಅಧ್ಯಾಪಕನ ಕೈಯಲ್ಲಿ ಅಂಥ ಪುಸ್ತಕವನ್ನು ಯಾರಾದರೂ ಕಂಡರೆ ಏನು ಗತಿ ಎಂಬ ಭಯ.

ಅಕ್ಕನಿಗೆ ಆ ಪುಸ್ತಕಗಳ ಬಗ್ಗೆ ಒಂದು ತಕರಾರಿತ್ತು. “ಎಲ್ಲಾದರಾಗೂ ಬರೇ ಪಿಸ್ತೂಲ, ಬರೇ ಕಾರು, ಬರೇ ದೊಡ್ಡ ದೊಡ್ಡ ಬಂಗ್ಲೆ. ಸೂಜಿ-ದಾರ ಇರೂ ಕತಿ ಒಂದರ ಐತೇನ್ರಿ ಸರ?” ಎಂದು ಒಮ್ಮೆ ಕೇಳಿದರು. ಅಂಥವು ಇದ್ದವು; ಆದರೆ ಇಂಗ್ಲಿಷಿನಲ್ಲಿ. ರಾಯಚೂರಿನ ಹಳೆಯ ಪುಸ್ತಕದ ರಾಶಿಯಲ್ಲಿ ನನಗೆ ಮೊದಲನೆಯದು ಸಿಕ್ಕಿತು. ಆಮೇಲೆ ಹುಡುಕಿ ಹುಡುಕಿ ಹತ್ತಾರು ತಂದೆ. ಎಲ್ಲೋ ಒಂದು ಚಿಕ್ಕ ಊರು, ಅಲ್ಲೊಂದು ಉಣ್ಣೆಯ ಅಂಗಡಿ, ಇಲ್ಲವೆ ಕೌದಿಯ ಅಂಗಡಿ, ಇಲ್ಲವೆ ಮೇಣದಬತ್ತಿಯ ಅಂಗಡಿ. ಅದನ್ನು ನಡೆಸುವವಳೊಬ್ಬ ಹೆಂಗಸು. ಊರಿನಲ್ಲಿ ಏನೋ ಕಳೆಯುತ್ತದೆ, ಯಾರೋ ಸಾಯುತ್ತಾರೆ. ಪೊಲೀಸರಿಗೆ ತಿಳಿಯದ್ದು ಹೆಣಿಗೆಯ ಒಂದು ತಪ್ಪು ಕುಣಿಕೆಯಿಂದ ಅವಳಿಗೆ ತಿಳಿಯುತ್ತದೆ. ನಾನು ವಾರವಿಡೀ ಓದಿಕೊಂಡು, ಭಾನುವಾರ ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಸ್ಟೂಲಿನ ಮೇಲೆ ಕೂತು, ಆ ಕಥೆಗಳನ್ನು ಅಧ್ಯಾಯದಿಂದ ಅಧ್ಯಾಯಕ್ಕೆ ಕನ್ನಡದಲ್ಲಿ ಹೇಳುತ್ತಿದ್ದೆ. ಅಕ್ಕ ಹೊಲಿಯುತ್ತ ಕೇಳುತ್ತಿದ್ದರು.

“ಅಲ್ರೀ ಸರ, ಆಕಿ ಯಾವಾಗ ನೋಡಿದ್ರೂ ಊರು ತಿರಗಾಕತ್ತಾಳ. ಅಂಗಡ್ಯಾಗ ಗಿರಾಕಿ ಬಂದ್ರ ಯಾರು ನೋಡಬೇಕು?”

“ಸಹಾಯಕಿ ಇದ್ದಾಳೆ, ಅಕ್ಕಾರ.”

“ಪುಣ್ಯವಂತಿ ಬಿಡ್ರಿ. ನನಗ ಒಂದು ಚಾ ಕುಡದು ಬರಾಕ ಪುರಸೊತ್ತಿಲ್ಲ, ಆಕಿ ಕೊಲಿ ಹುಡಕ್ಯಾಳ!”

ಹೀಗೆ ಗೇಲಿ ಮಾಡುತ್ತಲೇ, ಕಥೆ ಮುಗಿಯುವ ಎರಡು ಅಧ್ಯಾಯ ಮೊದಲು, ದಾರವನ್ನು ಹಲ್ಲಿನಿಂದ ಕಡಿದು, ಅಪರಾಧಿಯ ಹೆಸರನ್ನು ಹೇಳಿಬಿಡುತ್ತಿದ್ದರು. ತಪ್ಪಿದ್ದು ನನಗೆ ನೆನಪಿಲ್ಲ. ಆ ಭಾನುವಾರಗಳ ಸಂತೋಷವನ್ನು ಸಂತೋಷವೆಂದು ಆಗ ನಾನು ಗುರುತಿಸಿರಲಿಲ್ಲ...

ಆ ವರ್ಷದ ಕಾರ್ತಿಕ ಮಾಸದಲ್ಲಿ ವಕೀಲರೊಬ್ಬರ ಪತ್ನಿ ಒಂದು ಸೀರೆಯನ್ನು ತಂದು ಅಕ್ಕನ ಕೈಗೆ ಕೊಟ್ಟರು. ಹಸಿರು ಒಡಲಿನ ಇಳಕಲ್ ರೇಷ್ಮೆ ಸೀರೆ. ಅದರ ಸೆರಗಿನ ತುಂಬ ಅವರ ತೀರಿಹೋದ ತಾಯಿ ಸ್ವಂತ ಕೈಯಿಂದ ಹಾಕಿದ ಕಸೂತಿ ಇತ್ತು: ಗೋಪುರ, ತುಳಸಿಕಟ್ಟೆ, ನವಿಲುಗಳ ಸಾಲು. ಸಾಲಿನ ಕೊನೆಯ ನವಿಲಿಗೆ ಒಂದೇ ಕಾಲು. ಅಷ್ಟು ಹೊತ್ತಿಗೆ ತಾಯಿಗೆ ಕಣ್ಣು ಮಂಜಾಗಿ ಸೂಜಿ ಕೆಳಗಿಟ್ಟಿದ್ದರಂತೆ. ಮುಂದಿನ ತಿಂಗಳು ಮಗಳ ಮದುವೆ. ಅಜ್ಜಿಯ ಸೀರೆಯನ್ನು ಮೊಮ್ಮಗಳು ಉಡಬೇಕು; ಹಳೆಯ ಫಾಲ್ ಬಿಚ್ಚಿ ಹೊಸದನ್ನು ಹಚ್ಚಿಕೊಡಬೇಕು.

ಅಕ್ಕನ ಕೆಲಸದ ಕ್ರಮವೊಂದಿತ್ತು. ಚೀಟಿ, ನಂಬರು ಯಾವುದೂ ಇಲ್ಲ. ಬೆರಳುದ್ದದ ಒಂದು ಚಿಂದಿಯನ್ನು ಅಡ್ಡಾದಿಡ್ಡಿಯಾಗಿ ಎರಡು ತುಂಡು ಮಾಡಿ, ಒಂದನ್ನು ಸೀರೆಯ ಸೆರಗಿಗೆ ಪಿನ್ನು ಚುಚ್ಚಿ, ಇನ್ನೊಂದನ್ನು ಗಿರಾಕಿಯ ಕೈಗೆ ಕೊಡುತ್ತಿದ್ದರು. ಎರಡೂ ತುಂಡುಗಳ ಅಂಚು ಕೂಡಿದರೆ ಮಾತ್ರ ಸೀರೆ ಕೊಡುವುದು. ಅಷ್ಟು ವರ್ಷಗಳಲ್ಲಿ ಒಂದು ಸೀರೆಯೂ ಅದಲುಬದಲಾಗಿರಲಿಲ್ಲ. ಹೊಲಿದು ಮುಗಿದ ಸೀರೆಯನ್ನು ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಹಾಕಿಡುತ್ತಿದ್ದರು. ಕಸೂತಿಯ ಸೀರೆಯಾದರೆ, ಎಳೆಗಳು ಎಲ್ಲಿಯೂ ಉಜ್ಜಿ ಹರಿಯದಿರಲೆಂದು ಸೆರಗನ್ನು ಒಳಗೆ ಮಾಡಿ, ಬರಿಯ ಒಡಲಷ್ಟೇ ಹೊರಗೆ ಕಾಣುವಂತೆ ಮಡಚುತ್ತಿದ್ದರು. ಆ ಶನಿವಾರ ಬೆಳಿಗ್ಗೆ ಅಕ್ಕ ವಕೀಲರ ಮನೆಯ ಸೀರೆಯನ್ನು ಮುಗಿಸಿ, ಹಾಗೆಯೇ ಮಡಚಿ, ಕವರಿಗೆ ಹಾಕಿಟ್ಟರು. ಸಂಜೆ ವಕೀಲರ ಪತ್ನಿ ಚಿಂದಿಯ ತುಂಡು ಹಿಡಿದು ಬಂದಾಗ ಸೀರೆ ಇರಲಿಲ್ಲ.

ವಕೀಲರ ಪತ್ನಿ ಸಿಟ್ಟಿನವರಲ್ಲ. “ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲಬೇ ಅಕ್ಕಾ. ಮದುವಿ ಇನ್ನೂ ತಿಂಗಳೈತಿ. ನೀ ಸಮಾಧಾನದಿಂದ ಹುಡುಕು” ಎಂದು ಹೇಳಿ ಹೋದರಂತೆ. ಮರುದಿನ ಭಾನುವಾರ ನಾನು ಎಂದಿನಂತೆ ಪುಸ್ತಕ ಹಿಡಿದು ಹೋದಾಗ ಅಂಗಡಿಯ ಬಟ್ಟೆಗಳೆಲ್ಲ ನೆಲಕ್ಕೆ ಬಂದಿದ್ದವು. ಅಕ್ಕ ನಡುವೆ ನಿಂತಿದ್ದರು. ಅವರು ನನ್ನನ್ನು ನೋಡಿದ ಬಗೆ... ನಾನು ಬಂದದ್ದರಿಂದ ಎಲ್ಲ ಸರಿಹೋಗುತ್ತದೆ ಎಂಬಂತೆ ನೋಡಿದರು. ನನಗೂ ಹಾಗೆಯೇ ಅನ್ನಿಸಿತು. ತಪ್ಪಾದದ್ದು ಅಲ್ಲಿ.

ನಾನು ಪುಸ್ತಕಗಳಲ್ಲಿ ಓದಿದಂತೆಯೇ ಆರಂಭಿಸಿದೆ. ನೂರು ಪುಟದ ನೋಟುಬುಕ್ಕಿನಲ್ಲಿ ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಅಂಗಡಿಗೆ ಬಂದವರ ಪಟ್ಟಿಯನ್ನು ಅಕ್ಕನಿಂದ ಕೇಳಿ ಕ್ರಮವಾಗಿ ಬರೆದುಕೊಂಡೆ. ಹತ್ತೊಂಬತ್ತು ಹೆಸರುಗಳಾದವು. ಬಂದ ಹೊತ್ತು, ಕೊಂಡ ವಸ್ತು, ನಿಂತ ಜಾಗ. ಸೀರೆ ಎಲ್ಲಿಯಾದರೂ ತಪ್ಪಿಹೋಗಿರಬಹುದೇ ಎಂಬ ಪ್ರಶ್ನೆಯನ್ನು ನಾವಿಬ್ಬರೂ ಎತ್ತಲಿಲ್ಲ. ಅಕ್ಕನ ಕ್ರಮ ಎಂದೂ ತಪ್ಪಿರಲಿಲ್ಲವಾದ್ದರಿಂದ, ಸೀರೆ ಕಳುವಾಗಿದೆ ಎಂಬುದೇ ನಮ್ಮ ಮೊದಲ ವಾಕ್ಯವಾಯಿತು. ಮುಂದಿನದೆಲ್ಲ ಅದರ ಮೇಲೆಯೇ ನಿಂತಿತು.

ಮೊದಲು ಕೇಳಿದ್ದು ಎದುರಿನ ಟೇಲರ್ ಚಾಚಾರನ್ನು. ಅವರು ಕತ್ತರಿಯನ್ನು ಮೇಜಿನ ಮೇಲಿಟ್ಟು ನನ್ನ ನೋಟುಬುಕ್ಕನ್ನು ಬಹಳ ಹೊತ್ತು ನೋಡಿದರು.

“ನಂದೂ ಹೆಸರು ಬರಕೊಂಡೀರೇನ್ರಿ ಮಾಸ್ತರ?”

“ಎಲ್ಲರದನ್ನೂ ಬರೆದುಕೊಂಡಿದ್ದೇನೆ. ಇದು ಒಂದು ಕ್ರಮ, ಅಷ್ಟೆ.”

“ಕ್ರಮ!” ಎಂದರು ಚಾಚಾ. “ಆಕಿ ಕತ್ತರಿಗೆ ಇಷ್ಟು ವರ್ಸ ಸಾಣಿ ಹಿಡದು ಕೊಟ್ಟಾವ ನಾನು. ಈಗ ನಾನೂ ಒಂದು ನಂಬರ್ ಆದ್ನೆಲ್ಲ ನಿಮ್ಮ ಬುಕ್ಕಿನ್ಯಾಗ. ಬರೀರಿ, ಬರೀರಿ. ಅಕ್ಷರ ಮಾತ್ರ ಚಂದ ಅದಾವ.”

ನಾನು ಅದನ್ನು ಹಾಸ್ಯವೆಂದು ತಿಳಿದು ಮುಂದೆ ಹೋದೆ. ಸಂಜೆಗಳಲ್ಲಿ ಮನೆಮನೆಗೆ ಹೋಗಿ, ಶುದ್ಧವಾದ ಭಾಷೆಯಲ್ಲಿ, ಯಾರಿಗೂ ನೋವಾಗದಂತೆ ಎಂದು ನಾನು ನಂಬಿದ್ದ ರೀತಿಯಲ್ಲಿ, ಒಂದೇ ಪ್ರಶ್ನೆಯನ್ನು ಕೇಳಿದೆ: ಶನಿವಾರ ಅಂಗಡಿಯಿಂದ ಯಾರಾದರೂ ಹಸಿರು ಸೀರೆಯೊಂದನ್ನು ಒಯ್ಯುವುದನ್ನು ತಾವು ಕಂಡಿರಾ? ನೋಡಿಲ್ಲ ಎಂದರು. ಚಹ ಕೊಟ್ಟರು. ನಾನು ಹೊಸ್ತಿಲು ದಾಟಿದ ಕೂಡಲೇ ಪಕ್ಕದ ಮನೆಯವರನ್ನು ಕರೆದರು. ವಕೀಲರ ಪತ್ನಿ ಯಾರ ಮುಂದೂ ಬಾಯಿ ಬಿಡುವುದಿಲ್ಲ ಎಂದಿದ್ದ ಸಂಗತಿ ನಾಲ್ಕೇ ದಿನಗಳಲ್ಲಿ ಊರಿಗೆಲ್ಲ ತಿಳಿಯಿತು. ತಿಳಿಸಿದವನು ನಾನು.

ಪಟ್ಟಿಯಲ್ಲಿ ಸಾಲಗುಂದದ ಮದುವೆ ಮನೆಯವರೂ ಇದ್ದರು. ಆ ಶನಿವಾರ ಮಧ್ಯಾಹ್ನ ಅವರ ಮನೆಯ ನಾಲ್ವರು ಹೆಂಗಸರು ಆಯೇರಿಯ ಸೀರೆಗಳ ಗಂಟನ್ನೇ ಹೊತ್ತು ತಂದಿದ್ದರು. ಮದುವೆಯಲ್ಲಿ ಬಂಧುಗಳಿಗೆ ಕೊಡುವ ಬಟ್ಟೆಗೆ ಆಯೇರಿ ಎನ್ನುವುದು; ಸೀರೆಯ ಜೊತೆಗೆ ಒಂದು ಕುಪ್ಪಸದ ಬಟ್ಟೆಯನ್ನಿಟ್ಟೇ ಕೊಡಬೇಕು. ಅಂಗಡಿಯ ಮುಂದಿನ ಹಲಗೆಯ ಮೇಲೆ ಕವರುಗಳನ್ನು ಹರಡಿ, ಒಂದೊಂದಕ್ಕೂ ಬಣ್ಣ ಕೂಡಿಸಿ, ಕುಪ್ಪಸವನ್ನು ಒಳಗೆ ಸೇರಿಸಿ, ಮತ್ತೆ ಗಂಟು ಕಟ್ಟಿಕೊಂಡು ಹೋಗಿದ್ದರು. ನಾನು ಬಸ್ಸಿನಲ್ಲಿ ಸಾಲಗುಂದಕ್ಕೂ ಹೋದೆ. ಮನೆಯ ಹಿರಿಯ ಹೆಂಗಸು ನನ್ನನ್ನು ಹೊರಸಿನ ಮೇಲೆ ಕೂರಿಸಿದರು. ಎದುರಿಗೆ ಗೋಡೆಯ ಬದಿಯಲ್ಲಿ ಆಯೇರಿಯ ಕವರುಗಳನ್ನು ಎದೆಮಟ್ಟ ಪೇರಿಸಿದ್ದರು. ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು.

“ಅಯ್ಯ, ನಾವು ಯಾರನ್ನೂ ನೋಡಿಲ್ರಿ ಸರ. ಅಂಥಾ ಗದ್ಲದಾಗ ನಮ್ಮ ಸೀರಿ ನಾವು ನೋಡಿಕೊಂಡ್ರ ಸಾಕಾಗಿತ್ತು. ಉಪ್ಪಿಟ್ಟು ತಿಂದು ಹೋಗ್ರಿ” ಎಂದರು. ನಾನು ಉಪ್ಪಿಟ್ಟು ತಿಂದೆ. ಅವರ ಹೆಸರುಗಳ ಎದುರಿಗೆ ‘ಕಂಡಿಲ್ಲ’ ಎಂದು ಬರೆದುಕೊಂಡೆ. ಎದುರಿನ ಪೇರಿಕೆಯನ್ನು ನೋಡುತ್ತಲೇ ಬರೆದೆ, ಎದ್ದು ಬಂದೆ.

ಮದುವೆಗೆ ಹತ್ತು ದಿನಗಳಿದ್ದಾಗ ಅಕ್ಕ ತಮ್ಮ ಸ್ವಂತ ಮದುವೆಯ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದರು. ಮಾವಿನ ಚಿಗುರಿನ ಬಣ್ಣದ ರೇಷ್ಮೆ ಸೀರೆ, ನೇರಳೆ ಅಂಚು. ಗಂಡ ತೀರಿಕೊಂಡ ಮೇಲೆ ಅದನ್ನು ಉಟ್ಟಿರಲಿಲ್ಲ. ಬೇಡ ಎಂದು ನಾನು ಹೇಳಿದೆ. ಆದರೆ ಯಾಕೆ ಬೇಡ ಎಂಬುದನ್ನು ಸರಿಯಾಗಿ ಹೇಳಲು ಬರಲಿಲ್ಲ. ಅಕ್ಕ ಅದಕ್ಕೂ ಹೊಸ ಫಾಲ್ ಹಚ್ಚಿ, ವಕೀಲರ ಮನೆಗೆ ಒಯ್ದು, “ನಿಮ್ಮವ್ವನ ಕೈ ಇದರಾಗ ಇಲ್ಲ ಖರೆ. ಆದರೂ ಹುಡುಗಿ ಬರಿಗೈಲೆ ಹೋಗಬಾರದು, ಇದನ್ನ ಇಟ್ಕೊಳ್ರಿ” ಎಂದು ಕೊಟ್ಟು ಬಂದರು. ವಕೀಲರ ಪತ್ನಿ ಬಹಳ ಹೊತ್ತು ಒಲ್ಲೆನೆಂದು, ಕೊನೆಗೆ ತೆಗೆದುಕೊಂಡರು.

ಅದು ಅಕ್ಕನ ಮರ್ಯಾದೆಯ ನಡವಳಿಕೆಯಾಗಿತ್ತು. ಊರು ಅದನ್ನು ಬೇರೆಯಾಗಿ ಓದಿತು. ನೀರಿನ ನಳದ ಹತ್ತಿರ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದುದನ್ನು ನನ್ನ ಹೆಂಡತಿ ಕಿವಿಯಾರೆ ಕೇಳಿ ಬಂದಳು: “ಕದ್ದಿಲ್ಲಂದ್ರ ಯಾಕ ಕೊಟ್ಲಬೇ ತನ್ನ ಸೀರಿ? ಸುಮ್ನ ಯಾರರ ರೇಶಿಮಿ ಕೊಡ್ತಾರೇನು?” ಅಲ್ಲಿಂದಾಚೆಗೆ ಫಾಲ್ ಹಚ್ಚಲು ಸೀರೆಗಳು ಬರುವುದು ನಿಂತಿತು. ಗುಂಡಿಗೆ ಬಂದರು, ದಾರಕ್ಕೆ ಬಂದರು. ಸೀರೆಯನ್ನು ಮಾತ್ರ ಯಾರೂ ಬಿಟ್ಟುಹೋಗಲಿಲ್ಲ. ಓದಲು ಒಯ್ದಿದ್ದ ಪುಸ್ತಕಗಳು ಒಂದೊಂದಾಗಿ ಹಿಂದಕ್ಕೆ ಬಂದವು.

ಒಂದು ಭಾನುವಾರ ನಾನು ಪಟ್ಟಿಯನ್ನು ಮತ್ತೊಮ್ಮೆ ಮೊದಲಿನಿಂದ ಪರಿಶೀಲಿಸೋಣ ಎಂದೆ. ಅಕ್ಕ ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಕೈಗಳನ್ನು ಖಾಲಿಯಾಗಿ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

“ಸಾಕ್ರಿ ಸರ” ಎಂದರು. “ಕತಿಯೊಳಗ ಕೇಳಿದ್ದಕ್ಕ ಎಲ್ಲಾರೂ ಉತ್ತರ ಕೊಡ್ತಾರ. ಊರಾಗ ಕೇಳಿದ್ರ, ಕೇಳಿದಾಕಿ ಮ್ಯಾಲೇ ಬರತೈತಿ.”

“ನಾನು ನಿಮಗೆ ಸಹಾಯ ಮಾಡಬೇಕೆಂದು...”

“ಗೊತ್ತೈತ್ರಿ. ನೀವು ಒಳ್ಳೇವ್ರು. ಇನ್ನ ಮಾಡಬ್ಯಾಡ್ರಿ.”

ಮುಂದಿನ ಯುಗಾದಿಯ ಹೊತ್ತಿಗೆ ಅಕ್ಕ ಅಂಗಡಿ ಮುಚ್ಚಿ ಲಿಂಗಸುಗೂರಿನಲ್ಲಿದ್ದ ತಂಗಿಯ ಮನೆಗೆ ಹೋದರು. ನನ್ನ ಹೆಂಡತಿಯ ತವರೂ ಲಿಂಗಸುಗೂರೇ. ಒಂದೆರಡು ವರ್ಷಗಳ ಮೇಲೆ, ಅಲ್ಲಿಗೆ ಹೋದಾಗ, ಧೈರ್ಯ ಮಾಡಿ ಅವರನ್ನು ನೋಡಲು ಹೋದೆ. ಕೈಯಲ್ಲಿ ಹೊಸದಾಗಿ ಸಿಕ್ಕಿದ್ದ ಒಂದು ಪುಸ್ತಕವಿತ್ತು. ಗುಂಡಿಯ ಅಂಗಡಿಯೊಂದರ ಕಥೆ. ಅಕ್ಕ ಹೊರಗಿನ ಕಟ್ಟೆಯ ಮೇಲೆ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹೊಲಿಗೆಯನ್ನು ಬಿಟ್ಟುಬಿಟ್ಟಿದ್ದರು. ನಾನು ಮೊದಲ ಅಧ್ಯಾಯವನ್ನು ಹೇಳಿದೆ, ಎರಡನೆಯದನ್ನೂ ಹೇಳಿದೆ. ಯಾರು ಮಾಡಿರಬಹುದು ಎಂದು ಕೇಳಿದೆ.

“ಯಾರೂ ಮಾಡಿರಂಗಿಲ್ರಿ ಸರ” ಎಂದರು ಅಕ್ಕ, ತೊಟ್ಟು ಮುರಿಯುತ್ತ. “ಚಾ ಕುಡೀತೀರೇನು?”

೨೦೧೮ರಲ್ಲಿ ಅಕ್ಕ ತೀರಿಕೊಂಡರು. ಹೆಂಡತಿಯ ತವರಿನವರು ಫೋನು ಮಾಡಿದಾಗ, ಬೇರೆ ಎಷ್ಟೋ ಸುದ್ದಿಗಳ ನಡುವೆ ಅದನ್ನೂ ಹೇಳಿದರು. ಆ ಹೊತ್ತಿಗೆ ಮಣ್ಣು ಮಾಡಿ ಒಂಬತ್ತು ದಿನಗಳಾಗಿದ್ದವು.

ಆಮೇಲೆ ನನಗೆ ಗಂಟಲಿನ ತೊಂದರೆ ಬಂತು. ಪಾಠ ಹೇಳಲಾಗದೆ ಸ್ವಯಂ ನಿವೃತ್ತಿ ಪಡೆದು ಮಸ್ಕಿಗೆ ಹಿಂದಿರುಗಿ ಒಂದು ಮನೆ ಕಟ್ಟಿಸಿದೆ. ೨೦೨೨ರ ನವೆಂಬರಿನಲ್ಲಿ ಗೃಹಪ್ರವೇಶ. ಬಂಧುಗಳು ತಂದ ಆಯೇರಿಗಳನ್ನು ಮರುದಿನ ಹೆಂಡತಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ನಮ್ಮ ಕಡೆ ಆಯೇರಿಯ ಸೀರೆಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಬಂದದ್ದನ್ನು ಬಂದ ಹಾಗೆಯೇ ಇಟ್ಟು, ಇನ್ನೊಬ್ಬರ ಮದುವೆಗೋ ತೊಟ್ಟಿಲ ಕಾರ್ಯಕ್ಕೋ ಮತ್ತೆ ಕುಂಕುಮ ಹಚ್ಚಿ ಕೊಟ್ಟುಬಿಡುತ್ತಾರೆ. ಬಿಚ್ಚಿದರೆ ಮಡಿಕೆ ಕೆಡುತ್ತದೆ, ಮಡಿಕೆ ಕೆಟ್ಟರೆ ಕೊಡಲು ಬರುವುದಿಲ್ಲ. ಆದರೆ ಅಂದು ಒಂದು ಕವರು ಹಳದಿಗಟ್ಟಿ, ಹಿಡಿದ ಕೂಡಲೇ ಪುಡಿಪುಡಿಯಾಯಿತು.

“ನೋಡ್ರಿ ಇಲ್ಲಿ, ನಮ್ಮ ಅತ್ತಿಗಿ ಯಾವ ಕಾಲದ ಸೀರಿ ದಾಟಿಸ್ಯಾಳ!” ಎಂದು ನಗುತ್ತ ಹೆಂಡತಿ ಅದನ್ನು ಝಾಡಿಸಿದಳು. ನಗು ಅಲ್ಲಿಗೇ ನಿಂತಿತು. ಆಯೇರಿಯ ಸೀರೆಗೆ ಯಾರೂ ಫಾಲ್ ಹಚ್ಚಿ ಕೊಡುವುದಿಲ್ಲ, ಇದಕ್ಕೆ ಹಚ್ಚಿತ್ತು. ಸೆರಗು ಒಳಗಾಗಿ ಮಡಚಿತ್ತು. ಬಿಡಿಸಿದರೆ ಗೋಪುರ, ತುಳಸಿಕಟ್ಟೆ, ನವಿಲುಗಳು. ಕೊನೆಯ ನವಿಲಿಗೆ ಒಂದೇ ಕಾಲು. ಪಕ್ಕದಲ್ಲಿ ತುಕ್ಕು ಹಿಡಿದ ಪಿನ್ನಿನಲ್ಲಿ ಬೆರಳುದ್ದದ ಚಿಂದಿ.

ಆಗಲೇ ಹೆಂಡತಿಯಿಂದ ಲಿಂಗಸುಗೂರಿನ ಅತ್ತಿಗೆಗೆ ಫೋನು ಮಾಡಿಸಿದೆ.

ಮುಂದಿನ ಮೂರು ವಾರ ಆ ಸೀರೆ ಬಂದ ದಾರಿಯಲ್ಲಿ ಹಿಂದಕ್ಕೆ ನಡೆದೆ. ಈ ಸಲ ಎಲ್ಲರೂ ನಗುನಗುತ್ತ ಉತ್ತರ ಕೊಟ್ಟರು. ಆಯೇರಿ ದಾಟಿಸಿದ್ದು ಯಾರಿಗೂ ಅಪರಾಧವಲ್ಲ. ಅತ್ತಿಗೆಗೆ ಅದು ಬಂದದ್ದು ಲಿಂಗಸುಗೂರಿನಲ್ಲಿಯೇ ಇನ್ನೊಂದು ಮನೆಯಿಂದ, ಅವರಿಗೆ ಮಸ್ಕಿಯ ಒಂದು ತೊಟ್ಟಿಲ ಕಾರ್ಯದಲ್ಲಿ, ಅಲ್ಲಿಗೆ ಮುಕ್ಕುಂದದ ಒಂದು ಮನೆಯಿಂದ, ಆ ಮನೆಗೆ ಎಲ್ಲಕ್ಕಿಂತ ಮೊದಲು ಸಾಲಗುಂದದ ಆ ಮದುವೆಯಲ್ಲಿ. ಆ ಶನಿವಾರದ ಗದ್ದಲದಲ್ಲಿ ಯಾರೋ ಹಲಗೆಯ ಮೇಲಿದ್ದ ಅಕ್ಕನ ಕವರನ್ನೂ ತಮ್ಮದೆಂದೇ ತಿಳಿದು, ಅದರೊಳಗೂ ಒಂದು ಕುಪ್ಪಸದ ಬಟ್ಟೆ ಸೇರಿಸಿ, ಗಂಟಿಗೆ ಹಾಕಿದ್ದರು. ಕಸೂತಿಯನ್ನು ಕಾಪಾಡಲೆಂದು ಅಕ್ಕ ಸೆರಗನ್ನು ಒಳಗೆ ಮಡಚದೆ ಇದ್ದಿದ್ದರೆ ಕವರಿನ ಹೊರಗಿನಿಂದಲೇ ನವಿಲು ಕಾಣುತ್ತಿತ್ತು. ನಾನು ಉಪ್ಪಿಟ್ಟು ತಿನ್ನುತ್ತಿದ್ದಾಗ ಆ ಸೀರೆ ನನ್ನ ಎದುರಿಗೇ ಇತ್ತು. ಮುಂದೆ ನಾಲ್ಕು ವರ್ಷ, ಅಕ್ಕ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂರುತ್ತಿದ್ದ ಕಟ್ಟೆಯಿಂದ ಎರಡು ಓಣಿಗಳಾಚೆಯ ಒಂದು ಪೆಟ್ಟಿಗೆಯಲ್ಲಿಯೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಸಿಂಧನೂರಿಗೆ ಹೋಗಿ ವಕೀಲರ ಪತ್ನಿಯ ಕೈಯಲ್ಲಿ ಸೀರೆಯನ್ನಿಟ್ಟೆ. ಅವರಿಗೆ ಮೊಣಕಾಲು ನೋವು, ಕೋಲು ಹಿಡಿದು ನಡೆಯುತ್ತಿದ್ದರು. ಒಂದೇ ಕಾಲಿನ ನವಿಲಿನ ಮೇಲೆ ಬೆರಳಾಡಿಸಿದರು.

“ನಾ ಆಕಿಗೆ ಕಳ್ಳಿ ಅಂದಿಲ್ರಿ ಸರ” ಎಂದರು. “ಒಂದು ಸಲಾನೂ ಅಂದಿಲ್ಲ.”

“ಇಲ್ಲ, ನೀವು ಅಂದಿಲ್ಲ.”

“ಯಾರಂದ್ರು ಮತ್ತ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು, ಹೇಳಲು ಆಗಲಿಲ್ಲ. ಬದಲಾಗಿ, ಆ ಬೀದಿಗೆ ಬಂದು ನಾಲ್ಕು ಜನರ ಎದುರಿಗೆ ಒಂದು ಮಾತು ಹೇಳುವಿರಾ ಎಂದು ಕೇಳಿಕೊಂಡೆ. ನಾನು ಓದಿದ ಆ ಪುಸ್ತಕಗಳಲ್ಲೆಲ್ಲ ಕೊನೆಯ ಅಧ್ಯಾಯದಲ್ಲಿ ಊರಿನವರನ್ನು ಅಂಗಡಿಯಲ್ಲಿ ಕೂಡಿಸಿ, ಚಹ ಕೊಟ್ಟು, ನಡೆದದ್ದನ್ನು ಬಿಡಿಸಿ ಹೇಳುತ್ತಾರೆ. ಕೇಳಿದವರು ತಲೆ ತಗ್ಗಿಸುತ್ತಾರೆ. “ನಡೀರಿ” ಎಂದು ಅವರು ಕೋಲು ತೆಗೆದುಕೊಂಡರು.

ಅಕ್ಕನ ಅಂಗಡಿಯಿದ್ದಲ್ಲಿ ಮೊಬೈಲ್ ಅಂಗಡಿ ಇತ್ತು. ಅದರವನು ಆಂಧ್ರದ ಕಡೆಯಿಂದ ಬಂದು ಮೂರು ವರ್ಷಗಳಾಗಿದ್ದವಂತೆ; ಮ್ಯಾಚಿಂಗ್ ಸೆಂಟರ್ ಮುಂದಿನ ಸರ್ಕಲ್ಲಿನಲ್ಲಿದೆ ಎಂದು ದಾರಿ ತೋರಿಸಿದ. ಪಕ್ಕದ ಮನೆಯವರು ಬೇರೆಯವರು. ನಳದ ಎದುರಿನ ಮನೆಯ ಅಜ್ಜಿ ಮಾತ್ರ ಹಳಬರು. “ಯಾವ ಅಕ್ಕಾ? ಸೀರಿ ಅಂಗಡಿ ಅಕ್ಕನಾ? ಛಲೋ ಹೆಣ್ಣುಮಗಳು ಇದ್ಲು ಪಾಪ. ಯಾಕ ಊರು ಬಿಟ್ಲೋ ಏನೋ!” ಎಂದರು. ಕದ್ದಿಲ್ಲವೆಂದರೆ ಯಾಕೆ ಕೊಟ್ಟಳು ಎಂದು ಅಂದು ಕೇಳಿದ್ದವರು ಇವರೇ ಎಂದು ನನ್ನ ಹೆಂಡತಿ ಹೇಳಿದ್ದಳು. ನಾನು ಅವರ ಮುಖವನ್ನು ನೋಡಿದೆ. ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದರು.

ಎದುರಿನ ಅಂಗಡಿಯಲ್ಲಿ ಟೇಲರ್ ಚಾಚಾ ಇದ್ದರು. ಕಿವಿ ಪೂರ್ತಿ ಹೋಗಿತ್ತು. ವಕೀಲರ ಪತ್ನಿ ಅವರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದರು: “ಸೀರಿ ಸಿಕ್ಕೈತ್ರೀ ಚಾಚಾ! ಅಕ್ಕ ಕದ್ದಿದ್ದಿಲ್ಲ!”

“ಸೀರಿದು ನಾ ಮಾಡಂಗಿಲ್ಲಮ್ಮಾ” ಎಂದರು ಚಾಚಾ ಬಹಳ ಮೆಲ್ಲಗೆ. “ಪ್ಯಾಂಟ್ ಇದ್ರ ಕೊಡ್ರಿ.”

ಹಿಂದಕ್ಕೆ ಬರುವಾಗ ಆಟೋದಲ್ಲಿ ನಾನು ಕೇಳಿದೆ: ಅಕ್ಕ ಕೊಟ್ಟಿದ್ದ ಮದುವೆಯ ಸೀರೆ ತಮ್ಮಲ್ಲಿದ್ದರೆ ಅದನ್ನು ಅವರ ತಂಗಿಗಾದರೂ ಮುಟ್ಟಿಸಬಹುದಲ್ಲವೇ? ವಕೀಲರ ಪತ್ನಿ ಮುಖವನ್ನು ಹೊರಗೆ ತಿರುಗಿಸಿದರು.

“ನನ್ನ ಮಗಳು ಅದನ್ನ ಉಡಲಿಲ್ರಿ ಸರ. ವಿಧವಿ ಸೀರಿ ಬ್ಯಾಡ ಅಂದ್ರು ಬೀಗರು. ಮನ್ಯಾಗ ಇಟ್ಕೊಂಡ್ರ ದಿನಾ ಕಣ್ಣಿಗೆ ಚುಚ್ಚತಿತ್ತು. ಯಾರದೋ ಮದುವಿಗೆ ಆಯೇರಿ ಮಾಡಿ ಕೊಟ್ಟುಬಿಟ್ಟೆ.”

“ಯಾರ ಮದುವೆಗೆ?”

“ನೆನಪಿಲ್ರಿ... ಖರೇನೇ ನೆನಪಿಲ್ಲ.”

ಈಗ ನನಗೆ ಐವತ್ತೆರಡು ವರ್ಷ. ಬಂಧುಗಳ ಮನೆಗಳಲ್ಲಿ ಕೇಳಿದ್ದೇನೆ. ಬಿಚ್ಚಿ ನೋಡಿ ಎಂದರೆ ನಗುತ್ತಾರೆ, ಕೆಲವರು ಬೇಸರಪಡುತ್ತಾರೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಯಾವುದೋ ಮನೆಯ ಪೆಟ್ಟಿಗೆಯಲ್ಲಿ, ಯಾರೂ ಬಿಚ್ಚದ ಕವರಿನಲ್ಲಿ ಮಾವಿನ ಚಿಗುರಿನ ಬಣ್ಣದ, ನೇರಳೆ ಅಂಚಿನ ಒಂದು ರೇಷ್ಮೆ ಸೀರೆ ಇದ್ದೀತು. ಇದನ್ನು ಓದಿದವರು ತಮ್ಮಲ್ಲಿರುವುದನ್ನು ಒಮ್ಮೆ ಬಿಚ್ಚಿ ನೋಡಬೇಕೆಂದು ಬೇಡುತ್ತೇನೆ. ಅದರಿಂದ ಅಕ್ಕನಿಗೆ ಆಗುವುದೇನೂ ಇಲ್ಲ ಎಂಬುದು ನನಗೆ ಗೊತ್ತು. ಕಥೆ ಹೇಳಿ ಮುಗಿಯುವ ಮೊದಲೇ ಉತ್ತರ ಹೇಳುತ್ತಿದ್ದವರಿಗೆ, ತಮ್ಮದೇ ಕಥೆಯ ಉತ್ತರ ಕೇಳಲು ಸಿಗಲಿಲ್ಲ. ಬೀದಿಯಲ್ಲಿ ಕೇಳುವವರು ಉಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಅಕ್ಕ ಆ ಸೀರೆಯನ್ನು ಕದ್ದಿರಲಿಲ್ಲ. ಇದು ಇತ್ಯರ್ಥವಾದದ್ದು, ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, ೨೦೨೨ನೆಯ ಇಸವಿ ಡಿಸೆಂಬರ್ ೧೧, ಭಾನುವಾರ.